ಆಟಕ್ಕೆ ಹನ್ನೆರಡು ಪುಟ, ಕುರ್ಚಿಗೆ ಒಂದೂವರೆ

ತೀರ್ಥಹಳ್ಳಿಯ ಬರಹಗಾರ ಮಿತ್ರರಿಗೆ ನಮಸ್ಕಾರ.

ಫ್ರಾನ್ಸ್‌ನ ಫುಟ್‌ಬಾಲ್ ಆಟಗಾರ ಮಿಷೆಲ್ ಪ್ಲಾಟಿನಿ ಕುರಿತ ನಿಮ್ಮ ಲೇಖನವನ್ನು ಎರಡು ಸಲ ಓದಿದೆವು. ಇದೇ ರೂಪದಲ್ಲಿ ಅಚ್ಚಿಗೆ ಕೊಡಲಾಗದು. ತಳ್ಳಿಹಾಕುವ ಬರಹವೂ ಅಲ್ಲ, ಅದಕ್ಕೇ ಇಷ್ಟುದ್ದದ ಉತ್ತರ.

ಶೀರ್ಷಿಕೆ ‘ಮೈದಾನದಿಂದ ಅಧಿಕಾರಕ್ಕೆ’. ಹದಿಮೂರೂವರೆ ಪುಟದಲ್ಲಿ ಅಧಿಕಾರಕ್ಕೆ ಸಿಕ್ಕಿದ್ದು ಒಂದೂವರೆ. ಹಾಗಿದ್ದರೂ ಆಟದ ಹನ್ನೆರಡು ಪುಟದಲ್ಲಿ ಆಟ ಕಾಣುವುದಿಲ್ಲ, ಬರೀ ವಿಶೇಷಣ. ಒಂದು ಉದಾಹರಣೆ ಸಾಕು. 1984ರ ಯುರೋ (ಯುರೋಪಿನ ದೇಶಗಳ ಫುಟ್‌ಬಾಲ್ ಟೂರ್ನಿ) ಫೈನಲ್‌ನಲ್ಲಿ ಪ್ಲಾಟಿನಿಯ ಫ್ರೀ ಕಿಕ್ ‘ಸಿಡಿಲಿನಂತೆ ಬಲೆಗೆ ನುಗ್ಗಿತು’ ಎಂದಿದ್ದೀರಿ. ವಿಡಿಯೊ ನೋಡದೆ ಬರೆದದ್ದು ಅಲ್ಲೇ ಗೊತ್ತಾಗುತ್ತದೆ. 57ನೇ ನಿಮಿಷದ ಆ ಹೊಡೆತದಲ್ಲಿ ಸಿಡಿಲೂ ಇರಲಿಲ್ಲ, ಗುಡುಗೂ ಇರಲಿಲ್ಲ. ಸ್ಪೇನ್ ಗೋಲ್‌ಕೀಪರ್ ಅರ್ಕೊನಾಡ ನೆಲಕ್ಕೆ ಬಿದ್ದು ಚೆಂಡನ್ನು ಹೆಚ್ಚೂಕಡಿಮೆ ಹಿಡಿದೇ ಬಿಟ್ಟಿದ್ದರು. ಅದು ಅವರ ಮೈಯಡಿಯಿಂದ ಜಾರಿ, ಉರುಳಿ ಗೆರೆ ದಾಟಿತು. ಇಷ್ಟನ್ನೇ ಬರೆಯಿರಿ. ಸಂಜೆ ನೆಹರೂ ಕ್ರೀಡಾಂಗಣದಲ್ಲಿ ಆಡುವ ಹುಡುಗನಿಗೆ ಸಿಡಿಲಿಗಿಂತ ಈ ಜಾರಿದ ಚೆಂಡೇ ನೆನಪಿರುತ್ತದೆ.

ಆ ಟೂರ್ನಿಯ ಒಂಬತ್ತು ಗೋಲುಗಳನ್ನು ದಿನಸಿ ಚೀಟಿಯಂತೆ ಪಟ್ಟಿ ಮಾಡಿದ್ದೀರಿ. ಅವು ಬಂದದ್ದು ಐದೇ ಪಂದ್ಯದಲ್ಲಿ, ಹೊಡೆದವನು ಗೋಲು ಹೊಡೆಯಲೆಂದೇ ಮುಂದೆ ಆಡುವ ಸ್ಟ್ರೈಕರ್ ಅಲ್ಲ, ಮೈದಾನದ ನಡುವೆ ಆಡುವ ಮಿಡ್‌ಫೀಲ್ಡರ್. ಇದನ್ನು ಹೇಳದಿದ್ದರೆ ಒಂಬತ್ತು ಎಂಬುದು ಬರೀ ಅಂಕಿ. ಬೆಲ್ಜಿಯಂ, ಯುಗೊಸ್ಲಾವಿಯ ಎದುರಿನ ಹ್ಯಾಟ್ರಿಕ್‌ಗಳಿಗೆ ಒಂದು ಸಾಲು ಸಾಕು. ಸೆಮಿಫೈನಲ್‌ನಲ್ಲಿ ಪೋರ್ಚುಗಲ್ ವಿರುದ್ಧ ಹೆಚ್ಚುವರಿ ಸಮಯ ಇನ್ನೇನು ಮುಗಿಯಬೇಕು ಅನ್ನುವಾಗ, 119ನೇ ನಿಮಿಷದಲ್ಲಿ ಬಂದ ಗೋಲಿಗೆ ಒಂದು ಪ್ಯಾರಾ ಕೊಡಿ. ಉಳಿದದ್ದು ತೆಗೆಯಿರಿ. ಅಂದ ಹಾಗೆ, ‘ದಂಡದೊದೆತ’ ಯಾರೂ ಆಡದ ಮಾತು. ಪೆನಾಲ್ಟಿ ಎಂದೇ ಬರೆಯಿರಿ.

ಪೆನಾಲ್ಟಿ ಅಂದಾಗ ಇನ್ನೊಂದು. ‘1985ರಲ್ಲಿ ಪೆನಾಲ್ಟಿ ಹೊಡೆದು ಯುವೆಂಟಸ್‌ಗೆ ಯುರೋಪಿಯನ್ ಕಪ್ ತಂದುಕೊಟ್ಟರು’ ಎಂದು ಬರೆದು ಮುಂದೆ ಹೋಗಿದ್ದೀರಿ. ಇಟಲಿಯ ಆ ಕ್ಲಬ್ ಫೈನಲ್ ಆಡಿದ್ದು ಬ್ರಸೆಲ್ಸ್‌ನ ಹೇಯ್ಸೆಲ್ ಮೈದಾನದಲ್ಲಿ. ಪಂದ್ಯ ಶುರುವಾಗುವ ಮುಂಚೆ ನೂಕುನುಗ್ಗಲಲ್ಲಿ ಗೋಡೆ ಕುಸಿದು 39 ಜನ ಸತ್ತಿದ್ದರು. ಆ ಗೋಲನ್ನು ಸಾವಿನ ಸುದ್ದಿಯಿಲ್ಲದೆ ಬರೆಯುವಂತಿಲ್ಲ. ಈ ತಪ್ಪನ್ನು ಮಾತ್ರ ನಾವು ಹಗುರವಾಗಿ ತೆಗೆದುಕೊಳ್ಳಲಿಲ್ಲ.

ಈಗ ಕುರ್ಚಿಯ ವಿಷಯ. ‘ನಿವೃತ್ತಿಯ ನಂತರ ಯುಇಎಫ್‌ಎ ಅಧ್ಯಕ್ಷರಾದರು’ ಎಂಬ ಒಂದೇ ವಾಕ್ಯದಲ್ಲಿ ಇಪ್ಪತ್ತು ವರ್ಷ ನುಂಗಿದ್ದೀರಿ. ಯುಇಎಫ್‌ಎ ಅಂದರೆ ಯುರೋಪಿನ ಫುಟ್‌ಬಾಲ್ ಆಡಳಿತ ಸಂಸ್ಥೆ ಎಂದೂ ಹೇಳಿಲ್ಲ. ಬೂಟು ಕಳಚಿದ್ದು 1987ರಲ್ಲಿ, ಅಧ್ಯಕ್ಷರಾದದ್ದು 2007ರಲ್ಲಿ. ನಡುವೆ 1988ರಿಂದ 1992ರವರೆಗೆ ಫ್ರಾನ್ಸ್ ತಂಡದ ಕೋಚ್. 1992ರ ಯುರೋಗೆ ಎಂಟಕ್ಕೆ ಎಂಟೂ ಅರ್ಹತಾ ಪಂದ್ಯ ಗೆದ್ದ ಆ ತಂಡ ಟೂರ್ನಿಯಲ್ಲಿ ಗುಂಪಿನ ಹಂತವನ್ನೇ ದಾಟಲಿಲ್ಲ. ಆಮೇಲೆ 1998ರ ವಿಶ್ವಕಪ್ ಸಂಘಟನಾ ಸಮಿತಿಯ ಜಂಟಿ ಅಧ್ಯಕ್ಷತೆ, ಅಲ್ಲಿಂದ ಜಾಗತಿಕ ಫುಟ್‌ಬಾಲ್ ಸಂಸ್ಥೆ ಫಿಫಾದ ಅಂದಿನ ಅಧ್ಯಕ್ಷ ಬ್ಲಾಟರ್ ಅವರ ಸಲಹೆಗಾರಿಕೆ. ಆಟಗಾರ ಆಡಳಿತಗಾರನಾಗಿ ಮಾಗಿದ್ದು ಇಲ್ಲೇ. ನಿಮ್ಮ ಲೇಖನದ ನಡುಬೆನ್ನು ಇದೇ ಆಗಬೇಕಿತ್ತು.

ಚುನಾವಣೆಯನ್ನು ‘ಜನಪ್ರಿಯತೆಯ ಗೆಲುವು’ ಎಂದಿದ್ದೀರಿ. ಅಲ್ಲ. ಹದಿನೇಳು ವರ್ಷ ಕುರ್ಚಿಯಲ್ಲಿದ್ದ ಯೋಹಾನ್ಸನ್ ಅವರನ್ನು ಪ್ಲಾಟಿನಿ ಸೋಲಿಸಿದ್ದು 27–23ರಿಂದ. ಅಲ್ಲಿ ಓಟು ಹಾಕುವವು ದೇಶದೇಶಗಳ ಫುಟ್‌ಬಾಲ್ ಸಂಘಗಳು; ಜರ್ಮನಿಗೂ ಒಂದೇ ಮತ, ಪುಟ್ಟ ಸ್ಯಾನ್ ಮರಿನೊಗೂ ಒಂದೇ ಮತ. ನಮ್ಮ ಓದುಗರಿಗೆ ಇದನ್ನು ತಿಳಿಸುವುದು ಸುಲಭ: ಅಡಿಕೆ ಸೊಸೈಟಿ ಚುನಾವಣೆಯಲ್ಲಿ ಅರ್ಧ ಎಕರೆ ತೋಟದವನಿಗೂ ಇಪ್ಪತ್ತು ಎಕರೆಯವನಿಗೂ ಒಂದೊಂದೇ ಓಟು ತಾನೆ? ಹಾಗಾಗಿ ಚಿಕ್ಕ ಸಂಘಗಳನ್ನು ಹಿಡಿದವನೇ ಗೆಲ್ಲುತ್ತಾನೆ. ಈ ಲೆಕ್ಕ ಹೇಳಿದರೆ ಮುಂದಿನ ತೀರ್ಮಾನಗಳೂ ತಾವಾಗಿ ಅರ್ಥವಾಗುತ್ತವೆ. ಚಿಕ್ಕ ಲೀಗ್‌ಗಳ ಚಾಂಪಿಯನ್ನರಿಗೆ ಯುರೋಪಿನ ಕ್ಲಬ್‌ಗಳ ಟೂರ್ನಿಯಾದ ಚಾಂಪಿಯನ್ಸ್ ಲೀಗ್‌ನಲ್ಲಿ 2009ರಿಂದ ಬೇರೆಯೇ ಅರ್ಹತಾ ದಾರಿ ಬಂದದ್ದು, ಯುರೋ ತಂಡಗಳ ಸಂಖ್ಯೆ 2016ಕ್ಕೆ 16ರಿಂದ 24ಕ್ಕೆ ಏರಿದ್ದು, ಎರಡರ ಬೇರೂ ಅಲ್ಲಿದೆ. ಬರೀ ಹೆಸರಿಗೆ ಓಟು ಬೀಳುವುದಿಲ್ಲ ಅನ್ನಲು ನಮ್ಮ ದೇಶದ್ದೇ ಸಾಕ್ಷಿಯಿದೆ: 2022ರ ಸೆಪ್ಟೆಂಬರ್ 2ರಂದು ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ಚುನಾವಣೆಯಲ್ಲಿ ಮಾಜಿ ಗೋಲ್‌ಕೀಪರ್ ಕಲ್ಯಾಣ್ ಚೌಬೆಗೆ 33 ಮತ, ಭಾರತ ತಂಡದ ನಾಯಕರಾಗಿದ್ದ ಬೈಚುಂಗ್ ಭುಟಿಯಾಗೆ ಒಂದು.

ಕೊನೆಯ ಪುಟದ ‘ಲಂಚ ತಿಂದು ಜೈಲು ಸೇರಿದ ಪ್ಲಾಟಿನಿ’ ಎಂಬ ಸಾಲು ಅಚ್ಚಾದರೆ ನೋಟಿಸು ಬರುವುದು ನಮಗೆ. ಫಿಫಾದ ನೈತಿಕ ಸಮಿತಿಯ ಶಿಸ್ತುಕ್ರಮ ಬೇರೆ, ಕ್ರಿಮಿನಲ್ ಮೊಕದ್ದಮೆ ಬೇರೆ. ನೀವು ಎರಡನ್ನೂ ಒಂದೇ ಗಂಟಿಗೆ ಕಟ್ಟಿದ್ದೀರಿ. ಹಳೆಯ ಸಲಹೆಗಾರಿಕೆಯ ಬಾಕಿ ಎಂದು 2011ರಲ್ಲಿ ಫಿಫಾ ಕೊಟ್ಟ 20 ಲಕ್ಷ ಸ್ವಿಸ್ ಫ್ರಾಂಕ್‌ಗೆ ಬರಹದ ಒಪ್ಪಂದ ಇರಲಿಲ್ಲ, ಬಾಯಿಮಾತಿನ ಒಪ್ಪಂದ ಎಂದು ಪ್ಲಾಟಿನಿ, ಬ್ಲಾಟರ್ ಹೇಳಿದರು. 2015ರ ಡಿಸೆಂಬರ್‌ನಲ್ಲಿ ನೈತಿಕ ಸಮಿತಿ ಪ್ಲಾಟಿನಿಗೆ ಫುಟ್‌ಬಾಲ್ ಚಟುವಟಿಕೆಗಳಿಂದ ಎಂಟು ವರ್ಷ ನಿಷೇಧ ಹಾಕಿತು. ಮೇಲ್ಮನವಿಗಳಲ್ಲಿ ಅದು ಆರಕ್ಕೆ, ಮತ್ತೆ ನಾಲ್ಕಕ್ಕೆ ಇಳಿಯಿತು. ಸ್ವಿಸ್ ನ್ಯಾಯಾಲಯ 2022ರಲ್ಲಿ ಖುಲಾಸೆ ಮಾಡಿತು, 2025ರಲ್ಲಿ ಮೇಲ್ಮನವಿಯಲ್ಲೂ ಅದೇ ತೀರ್ಪು. ಪ್ರತಿ ಹಂತಕ್ಕೂ ಇಸವಿ ಹಾಕಿ, ‘ನಿಷೇಧ’, ‘ಶಿಕ್ಷೆ’, ‘ಖುಲಾಸೆ’ ಪದಗಳನ್ನು ಅದಲುಬದಲು ಮಾಡಬೇಡಿ.

ಹೊಸ ಪ್ರತಿ ಏಳು ಪುಟ ಮೀರದಿರಲಿ: ಆಟಕ್ಕೆ ಎರಡು, ನಡುವಿನ ಇಪ್ಪತ್ತು ವರ್ಷಕ್ಕೆ ಎರಡು, ಕುರ್ಚಿಗೆ ಮೂರು. ಬಾಲ್ಯದ ಪುಟ ಬೇಡ. 27–23ರಿಂದಲೇ ಶುರು ಮಾಡಿ ನೋಡಿ.