ಮಧ್ಯದಲ್ಲಿ ಮನೆ ಬಿಟ್ಟರೆ ಅಡ್ವಾನ್ಸ್ ಪೂರ್ತಿ ಹೋಗುತ್ತಾ?

ಮೇಡಂ, ಮನೆ ಬಿಡುವಾಗ ಗಿಡಗಳನ್ನು ಹೇಗೆ ಸಾಗಿಸಲಿ, ಅಡ್ವಾನ್ಸ್ ವಾಪಸ್ ಬರುತ್ತಾ ಅಂತ ಕೇಳಿದ್ದೀರಿ. ಗಿಡದ ಬಗ್ಗೆ ಎಲ್ಲರೂ ಹೇಳಿಯಾಗಿದೆ, ನಾನು ಅಡ್ವಾನ್ಸ್ ವಿಷಯಕ್ಕೆ ಬರುತ್ತೇನೆ. ಬೆಂಗಳೂರಲ್ಲಿ 11 ತಿಂಗಳ ಅಗ್ರಿಮೆಂಟ್, ಐದೇ ತಿಂಗಳಿಗೆ ಹುಬ್ಬಳ್ಳಿಗೆ ವರ್ಗ, ‘ಲಾಕ್-ಇನ್ ಇದೆ, ಒಂದು ಪೈಸೆ ವಾಪಸ್ ಇಲ್ಲ’ ಅಂತಿದ್ದಾರೆ ಓನರ್, ಅಲ್ವಾ? ಲಾಕ್-ಇನ್ ಅಂದರೆ ಇಷ್ಟು ತಿಂಗಳು ಮನೆ ಬಿಡುವಂತಿಲ್ಲ ಎಂಬ ಷರತ್ತು.

ಹಾಗೆ ಪೂರ್ತಿ ನುಂಗೋಕೆ ಆಗಲ್ಲ. 1872ರ ಕರಾರು ಕಾಯ್ದೆಯ 74ನೇ ಸೆಕ್ಷನ್ ನೋಡಿ. ಅಗ್ರಿಮೆಂಟಿನಲ್ಲಿ ಬರೆದ ದಂಡ ಗರಿಷ್ಠ ಮಿತಿ ಅಷ್ಟೇ, ಅದರೊಳಗೆ ನ್ಯಾಯವಾದ ಪರಿಹಾರವನ್ನು ಕೋರ್ಟ್ ಕೊಡಿಸುತ್ತದೆ. ನಷ್ಟವೇ ಆಗದಿದ್ದರೆ ಮುಂಗಡ ಮುಟ್ಟುಗೋಲು ಹಾಕುವಂತಿಲ್ಲ ಎಂದು 2015ರಲ್ಲಿ ಕೈಲಾಶ್ ನಾಥ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅದು ದೆಹಲಿಯ ನಿವೇಶನ ಹರಾಜಿನ ಕೇಸು, ಆದರೆ ಸೆಕ್ಷನ್ ಇದೇ. ಗೇಟಿಗೆ ‘ಮನೆ ಬಾಡಿಗೆಗೆ ಇದೆ’ ಬೋರ್ಡ್ ಕಟ್ಟಿ ಮುಂದಿನ ತಿಂಗಳೇ ಬೇರೆಯವರನ್ನು ಕೂರಿಸಿಕೊಂಡವರು ನಿಮ್ಮಿಂದ ಆರು ತಿಂಗಳ ಬಾಡಿಗೆ ಕೇಳಿದರೆ ಯಾವ ನ್ಯಾಯ? ಹಾಗಾಗಿ ನೀವೇ ಒಬ್ಬ ಬಾಡಿಗೆದಾರರನ್ನು ಹುಡುಕಿ ಕೊಟ್ಟರೆ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ. ನೋಟಿಸ್ ತಿಂಗಳ ಬಾಡಿಗೆ, ಪೇಂಟಿಂಗ್ ದುಡ್ಡು ಅಗ್ರಿಮೆಂಟಿನಲ್ಲಿ ಇದ್ದರೆ ಅದು ಹೋಗುತ್ತದೆ, ಅದಕ್ಕೆ ಗುದ್ದಾಡಬೇಡಿ.

ಮೇಲಿನ ಕಾಮೆಂಟಲ್ಲಿ ಯಾರೋ ‘ಎರಡು ತಿಂಗಳಿಗಿಂತ ಜಾಸ್ತಿ ಅಡ್ವಾನ್ಸ್ ತಗೊಳ್ಳೋ ಹಾಗಿಲ್ಲ’ ಎಂದಿದ್ದಾರೆ. ಅದು 2021ರ ಕೇಂದ್ರದ ಮಾದರಿ ಬಾಡಿಗೆ ಕಾಯ್ದೆ. ರಾಜ್ಯ ತನ್ನದೇ ಕಾನೂನು ಮಾಡದೆ ಅದು ಇಲ್ಲಿ ನಡೆಯಲ್ಲ. ಬಾಡಿಗೆ ನಿಲ್ಲಿಸಿ ಅಡ್ವಾನ್ಸಲ್ಲಿ ಮುರಿದುಕೊಳ್ಳಿ ಅನ್ನುವ ಸಲಹೆಯೂ ಬೇಡ, ಓನರ್ ಬರವಣಿಗೆಯಲ್ಲಿ ಒಪ್ಪಿದರೆ ಮಾತ್ರ. ಇಲ್ಲದಿದ್ದರೆ ತಪ್ಪು ನಿಮ್ಮ ತಲೆಗೇ.

ನೋಟಿಸನ್ನು ಇವತ್ತೇ ಸ್ಪೀಡ್ ಪೋಸ್ಟಲ್ಲಿ ಕಳಿಸಿ, ವಾಟ್ಸಾಪಲ್ಲೂ ಹಾಕಿ. ಬಿಡುವ ದಿನ ಪ್ರತಿ ಕೋಣೆಯ ವಿಡಿಯೊ, ಕರೆಂಟ್ ಮೀಟರ್ ರೀಡಿಂಗಿನ ಫೋಟೊ ತೆಗೆಯಿರಿ. ‘ಕೀ ಸಿಕ್ಕಿತು’ ಎಂಬ ಒಂದು ಸಾಲು ಅವರಿಂದ ಬರಲೇಬೇಕು, ಇಲ್ಲದಿದ್ದರೆ ಆಮೇಲಿನ ಬಾಡಿಗೆಯನ್ನೂ ಕೇಳುತ್ತಾರೆ.

ಆಮೇಲೂ ದುಡ್ಡು ಬರದಿದ್ದರೆ ವಕೀಲರ ನೋಟಿಸ್. ಅದಕ್ಕೂ ಜಗ್ಗದಿದ್ದರೆ ಸೀದಾ ಕೇಸು ಬೇಡ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಅರ್ಜಿ ಕೊಡಿ. ಹೆಂಗಸರಿಗೆ ಆದಾಯ ಎಷ್ಟಿದ್ದರೂ ಅಲ್ಲಿ ಉಚಿತ ವಕೀಲರು ಸಿಗುತ್ತಾರೆ, ಲೋಕ ಅದಾಲತ್‌ನಲ್ಲಿ ರಾಜಿಯಾದರೆ ಅದು ಕೋರ್ಟ್ ಡಿಕ್ರಿಗೆ, ಅಂದರೆ ಕೋರ್ಟಿನ ತೀರ್ಪಿನ ಆದೇಶಕ್ಕೆ ಸಮ. ಸಿವಿಲ್ ದಾವೆಗೆ ಮೂರು ವರ್ಷ ಟೈಮ್ ಇದೆ. ಪೊಲೀಸ್ ಸ್ಟೇಷನ್ನಿಗೆ ಸುಮ್ನೆ ಅಲೆಯಬೇಡಿ, ಸಿವಿಲ್ ಮ್ಯಾಟರ್ ಅಂತ ವಾಪಸ್ ಕಳಿಸುತ್ತಾರೆ.

ಕೊನೆಗೆ ನಿಮ್ಮ ಗಿಡಗಳ ವಿಷಯ: ಹಾಗಲ ಬಳ್ಳಿಯ ಚಪ್ಪರ, ನೀರು ಹನಿಸುವ ಡ್ರಿಪ್ ಪೈಪ್ ಬಿಟ್ಟು ಬರಬೇಡಿ. ಅಗ್ರಿಮೆಂಟಿನಲ್ಲಿ ಬೇರೆ ಏನೂ ಬರೆದಿಲ್ಲದಿದ್ದರೆ ನೀವು ಹಾಕಿಸಿದ್ದನ್ನು ಬಿಚ್ಚಿಕೊಂಡು ಹೋಗಬಹುದು, 1882ರ ಆಸ್ತಿ ವರ್ಗಾವಣೆ ಕಾಯ್ದೆಯಲ್ಲೇ ಇದೆ. ಆದರೆ ಕೀ ಕೊಡುವ ಮುಂಚೆ. ಮೊಳೆ ಹೊಡೆದ ತೂತಿಗೆಲ್ಲ ಸಿಮೆಂಟ್ ತುಂಬಿಸಿ, ಇಲ್ಲಾಂದ್ರೆ ಪೇಂಟಿಂಗ್ ಬಿಲ್ಲಿಗೆ ಅದೂ ಸೇರುತ್ತದೆ.