ಘಾಟಿಯಲ್ಲಿ ಮಾತ್ರ ಕುದಿಯುವ ಪಿಕಪ್

ಮಳೆ ಬಿಟ್ಟು ಮದುವೆ, ಜಾತ್ರೆ, ಬಯಲಾಟದ ಸೀಸನ್ ಸುರುವಾಯಿತೆಂದರೆ ಈ ಅಂಕಣಕ್ಕೆ ಒಂದೇ ನಮೂನೆಯ ಪತ್ರಗಳು ಬರುತ್ತವೆ: ಟ್ರೈಲರ್ ಕಟ್ಟಿ ಘಾಟಿ ಹತ್ತಿದರೆ ಗಾಡಿ ಹೀಟ್ ಆಗುತ್ತದೆ, ಎಂತ ಮಾಡುವುದು? ಕೂಲೆಂಟ್ ಮಟ್ಟ, ಬೆಲ್ಟಿನ ಬಿಗಿ, ಹೋಸಿನ ಸೋರಿಕೆಯನ್ನೂ ನೋಡದೆ ಬರೆದವರು ಮೊದಲು ಬಾನೆಟ್ ಎತ್ತಲಿ. ಉಳಿದವರ ಪರವಾಗಿ ಒಂದು ಪತ್ರ ಎತ್ತಿಕೊಂಡಿದ್ದೇನೆ.

ಪ್ರಶ್ನೆ: ಕಾಪುವಿನಲ್ಲಿ ನಮ್ಮದು ಶಾಮಿಯಾನ, ಸೌಂಡ್ಸ್ ವ್ಯವಹಾರ. 2008ರ ಡೀಸೆಲ್ ಪಿಕಪ್. ಒಂದೂವರೆ ಟನ್ನಿನ ಜನರೇಟರ್ ಟ್ರೈಲರ್ ಎಳೆದುಕೊಂಡು ಸಕಲೇಶಪುರಕ್ಕೆ ಹೊರಟರೆ ಗುಂಡ್ಯ ದಾಟಿ ಸ್ವಲ್ಪ ಹೊತ್ತಿಗೆ ಮುಳ್ಳು ಕೆಂಪಿಗೆ ಹೋಗುತ್ತದೆ. ಉಡುಪಿ–ಮಂಗಳೂರು ಹೈವೇಯಲ್ಲಿ ಅದೇ ಟ್ರೈಲರ್ ಇದ್ದರೂ ತೊಂದರೆ ಇಲ್ಲ. ಮೆಕ್ಯಾನಿಕ್ ಥರ್ಮೋಸ್ಟ್ಯಾಟ್ (ನೀರು ಬಿಸಿಯಾದಾಗ ರೇಡಿಯೇಟರಿನ ದಾರಿ ತೆರೆಯುವ ವಾಲ್ವ್) ತೆಗೆದರು, ಹೆಡ್ ಗ್ಯಾಸ್ಕೆಟ್ (ಇಂಜಿನಿನ ತಲೆಗೂ ಬ್ಲಾಕಿಗೂ ನಡುವಿನ ಸೀಲ್) ಬದಲಿಸಿದರು. ಆಗಲಿಲ್ಲ. ಈಗ ಇಂಜಿನ್ ಇಳಿಸಬೇಕು ಅನ್ನುತ್ತಾರೆ.

ಉತ್ತರ: ಇಂಜಿನ್ ಇಳಿಸಬೇಡಿ. ನಿಮ್ಮ ಪತ್ರದಲ್ಲೇ ಅರ್ಧ ಉತ್ತರ ಇದೆ. ಹೈವೇಯಲ್ಲಿ 60ರ ವೇಗಕ್ಕೆ ಗಾಳಿ ತಾನಾಗಿ ರೇಡಿಯೇಟರಿಗೆ ನುಗ್ಗುತ್ತದೆ, ಇಂಜಿನ್ ತನ್ನ ಶಕ್ತಿಯ ಒಂದು ಪಾಲನ್ನಷ್ಟೇ ಬಳಸುತ್ತದೆ. ಗುಂಡ್ಯ ದಾಟಿದ ಮೇಲಿನ ಶಿರಾಡಿ ಘಾಟಿಯ ಏರಿನಲ್ಲಿ ವೇಗ 20–25, ಆಕ್ಸಿಲರೇಟರ್ ಪೂರ್ತಿ ಒತ್ತಿದ್ದು. ಸುಡುವ ಡೀಸೆಲ್ ಹೆಚ್ಚಾದಷ್ಟೂ ಬಿಸಿ ಹೆಚ್ಚು, ಗಾಳಿಗೆ ಫ್ಯಾನ್ ಒಂದೇ ಗತಿ. ಮೂರನೇ ಒಂದು ಪಾಲು ಕಟ್ಟಿಹೋದ ರೇಡಿಯೇಟರ್ ಬಯಲಲ್ಲಿ ವರ್ಷಗಟ್ಟಲೆ ಸುಮ್ಮನಿದ್ದು ಘಾಟಿಯಲ್ಲಿ ಬಾಯಿ ಬಿಡುತ್ತದೆ.

ಮೊದಲು ಹೊಸ ಥರ್ಮೋಸ್ಟ್ಯಾಟ್ ಹಾಕಿಸಿ. ‘ತೆಗೆದರೆ ತಂಪು’ ಎನ್ನುವ ಗ್ಯಾರೇಜ್ ವೇದಾಂತ ಯಾವಾಗ ಸಾಯುತ್ತದೋ! ಎಷ್ಟೋ ಡೀಸೆಲ್ ಇಂಜಿನುಗಳಲ್ಲಿ ಥರ್ಮೋಸ್ಟ್ಯಾಟ್ ತೆರೆಯುವಾಗ ಅದರ ಕೆಳಗಿನ ತಟ್ಟೆ ಬೈಪಾಸ್ ದಾರಿಯನ್ನು ಮುಚ್ಚುತ್ತದೆ. ಕಿತ್ತು ಹಾಕಿದರೆ ಆ ದಾರಿ ಸದಾ ತೆರೆದೇ ಇರುತ್ತದೆ. ಒಂದಿಷ್ಟು ಬಿಸಿನೀರು ರೇಡಿಯೇಟರಿಗೆ ಹೋಗದೆ ಇಂಜಿನಿಗೇ ಮರಳುತ್ತದೆ. ಏರಿನಲ್ಲಿ ಕುದಿತ, ಇಳಿಜಾರಿನಲ್ಲಿ ಅತಿ ತಂಪು, ಎರಡೂ ನಷ್ಟ. ಹೊಸದನ್ನೂ ಪರೀಕ್ಷಿಸಿಯೇ ಹಾಕಿ: ಪಾತ್ರೆಯ ನೀರಲ್ಲಿ ತಳಕ್ಕೆ ತಾಗದಂತೆ ದಾರದಲ್ಲಿ ಇಳಿಬಿಟ್ಟು, ಥರ್ಮಾಮೀಟರ್ ಇಟ್ಟು ಕಾಯಿಸಿ. ಅದರ ಮೇಲೆ 82 ಎಂದು ಬರೆದಿದ್ದರೆ ಹೆಚ್ಚುಕಮ್ಮಿ 82 ಡಿಗ್ರಿಗೆ ತೆರೆಯಲು ಸುರುವಾಗಬೇಕು, 95ರ ಹೊತ್ತಿಗೆ ಪೂರ್ತಿ ತೆರೆದಿರಬೇಕು.

ಆಮೇಲೆ ಫ್ಯಾನ್. ನಿಮ್ಮದು ವಿಸ್ಕಸ್ ಕಪ್ಲಿಂಗಿನ ಫ್ಯಾನ್ (ಬಿಸಿ ಏರಿದಾಗ ಒಳಗಿನ ಎಣ್ಣೆಯ ಹಿಡಿತಕ್ಕೆ ಬಿಗಿದು ಜೋರಾಗಿ ತಿರುಗುವಂಥದ್ದು) ಆದರೆ, ಇಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಆಫ್ ಮಾಡಿ, ಕೀ ತೆಗೆದಿಟ್ಟು, ರೆಕ್ಕೆಯನ್ನು ಕೈಯಲ್ಲಿ ತಿರುಗಿಸಿ. ಗಟ್ಟಿಯಾಗಿ ತಡೆದು ನಿಲ್ಲಬೇಕು. ಎರಡು–ಮೂರು ಸುತ್ತು ಸಲೀಸಾಗಿ ತಿರುಗಿದರೆ, ಅಥವಾ ಕಪ್ಲಿಂಗಿನ ನಡುವೆ ಎಣ್ಣೆಯ ಗೆರೆಗಳು ಹೊರಕ್ಕೆ ಹರಡಿದ್ದರೆ ಅದು ಮುಗಿದಿದೆ. ಫ್ಯಾನಿನ ಸುತ್ತಲಿನ ಪ್ಲಾಸ್ಟಿಕ್ ಕವಚ ಇದೆಯೇ ನೋಡಿ. ಹಳೆಯ ಪಿಕಪ್‌ಗಳಲ್ಲಿ ಯಾರೋ ಬೆಲ್ಟ್ ಬದಲಿಸುವಾಗ ಬಿಚ್ಚಿ ಮೂಲೆಗೆ ಎಸೆದಿರುತ್ತಾರೆ. ಅದಿಲ್ಲದಿದ್ದರೆ ಫ್ಯಾನ್ ರೇಡಿಯೇಟರಿನ ಮೂಲಕ ಗಾಳಿ ಎಳೆಯುವ ಬದಲು ಬದಿಯಿಂದ ಬಿಸಿಗಾಳಿಯನ್ನೇ ಸುತ್ತಿಸುತ್ತದೆ.

ಮೂರನೆಯದು ರೇಡಿಯೇಟರ್. ಎಸಿ ಇದ್ದರೆ ಕಂಡೆನ್ಸರ್ (ರೇಡಿಯೇಟರಿನ ಮುಂದಿರುವ ಎಸಿಯ ಜಾಲರಿ) ಮತ್ತು ರೇಡಿಯೇಟರಿನ ನಡುವಿನ ಸಂದಿಗೆ ಟಾರ್ಚ್ ಹಿಡಿಯಿರಿ: ಕೆಮ್ಮಣ್ಣು, ಹುಲ್ಲಿನ ಬೀಜ, ಸತ್ತ ಹುಳುಗಳು ಒಟ್ಟಾಗಿ ಕಂಬಳಿಯಂತೆ ಕೂತಿರುತ್ತವೆ. ಇಂಜಿನ್ ಕಡೆಯಿಂದ ಹೊರಕ್ಕೆ ಸಾಧಾರಣ ಒತ್ತಡದ ನೀರು ಬಿಡಿ. ಸರ್ವಿಸ್ ಸ್ಟೇಷನ್ನಿನ ಪ್ರೆಷರ್ ಗನ್ ಹತ್ತಿರ ಹಿಡಿದರೆ ಫಿನ್‌ಗಳು (ರೇಡಿಯೇಟರಿನ ತೆಳು ತಗಡಿನ ಎಸಳುಗಳು) ಮಡಚಿಹೋಗುತ್ತವೆ. ಮಲ್ಪೆ ಬಂದರಿನಲ್ಲಿ ಮೀನು ಹೊತ್ತ ಗಾಡಿಯನ್ನು ಸೆಕೆಂಡ್ ಹ್ಯಾಂಡ್ ಕೊಂಡವರು ಫಿನ್‌ಗಳನ್ನು ಉಗುರಿನಿಂದ ಒತ್ತಿ ನೋಡಿ. ಬಿಳಿ ಹುಡಿಯಾಗಿ ಉದುರಿದರೆ ತೊಳೆದು ಪ್ರಯೋಜನವಿಲ್ಲ, ಉಪ್ಪು ತಿಂದಾಗಿದೆ. ಒಳಗಿನ ಕಟ್ಟುವಿಕೆ ತಿಳಿಯಲು ಇಂಜಿನ್ ಬಿಸಿ ಇರುವಾಗ ಇನ್‌ಫ್ರಾರೆಡ್ ಥರ್ಮಾಮೀಟರನ್ನು ರೇಡಿಯೇಟರಿನ ಮೈಮೇಲೆ ಆಡಿಸಿ. ಒಂದು ಕಡೆ ಏಕಾಏಕಿ ತಣ್ಣಗಿದ್ದರೆ ಅಲ್ಲಿ ನೀರು ಓಡುತ್ತಿಲ್ಲ. ಹಿತ್ತಾಳೆ–ತಾಮ್ರದ್ದಾದರೆ ಟ್ಯಾಂಕ್ ಬಿಚ್ಚಿ ಸರಳು ಹಾಕಿ ಕಟ್ಟಿದ ಕಸ ತೆಗೆಯಬಹುದು. ಅಲ್ಯೂಮಿನಿಯಂ, ಪ್ಲಾಸ್ಟಿಕ್ ಟ್ಯಾಂಕಿನದ್ದಾದರೆ ಬದಲಿಸಿ. ಟಾಯ್ಲೆಟ್ ಆಸಿಡ್ ಹಾಕಿ ‘ಕ್ಲೀನ್’ ಮಾಡಿಕೊಡುವವರ ಅಂಗಡಿ ಕಡೆ ತಲೆ ಹಾಕಬೇಡಿ. ಆಸಿಡ್ ಕಸವನ್ನೂ ತಿನ್ನುತ್ತದೆ, ಅಲ್ಯೂಮಿನಿಯಮ್ಮನ್ನೂ ತಿನ್ನುತ್ತದೆ.

ರೇಡಿಯೇಟರ್ ಮುಚ್ಚಳ ಅಗ್ಗದ ವಸ್ತು, ಆದರೆ ಅದನ್ನು ಯಾರೂ ಅನುಮಾನಿಸುವುದಿಲ್ಲ. 0.9 ಎಂದು ಕೆತ್ತಿದ ಮುಚ್ಚಳ ಅಷ್ಟು ಬಾರ್ ಒತ್ತಡ ಹಿಡಿದರೆ ನೀರು ಕುದಿಯುವುದು 118 ಡಿಗ್ರಿ ಆಸುಪಾಸಿಗೆ. ಸ್ಪ್ರಿಂಗ್ ಸೋತರೆ 100ಕ್ಕೇ ಕುದಿಯುತ್ತದೆ. ಬೆಳಿಗ್ಗೆ ಗಾಡಿ ತಣ್ಣಗಿರುವಾಗ ಹೋಸ್ ಚಪ್ಪಟೆಯಾಗಿದ್ದರೆ ಮುಚ್ಚಳದ ಒಳಗಿನ ಸಣ್ಣ ವಾಲ್ವ್ ಅಂಟಿಕೊಂಡಿದೆ. ಅಳತೆ ಅದೇ ಇರುವ ಹೊಸ ಮುಚ್ಚಳ ಹಾಕಿ, ‘ಇನ್ನೂ ಗಟ್ಟಿಯದ್ದು’ ಬೇಡ.

ಇಷ್ಟೂ ಸರಿ ಇದ್ದರೆ ಮಾತ್ರ ಹೆಡ್ ಕಡೆ ನೋಡಿ. ಗ್ಯಾಸ್ಕೆಟ್ ಹಾಕುವಾಗ ನಿಮ್ಮ ಮೆಕ್ಯಾನಿಕ್ ಹೆಡ್ ಮೇಲೆ ಸ್ಟ್ರೈಟ್ ಎಡ್ಜ್ ಇಟ್ಟು ಫೀಲರ್ ಗೇಜಿನಿಂದ (ಸಂದಿ ಅಳೆಯುವ ತೆಳು ಪಟ್ಟಿಗಳು) ಬಾಗು ಅಳೆದರೇ ಎಂದು ಕೇಳಿ. ಅಳೆಯದೆ ಹಾಕಿದ ಗ್ಯಾಸ್ಕೆಟ್ಟಿಗೆ ನಾನು ಬೆಲೆ ಕೊಡುವುದಿಲ್ಲ. ತಣ್ಣಗಿನ ಇಂಜಿನ್ ಸ್ಟಾರ್ಟ್ ಮಾಡಿದ ಒಂದೆರಡು ನಿಮಿಷಕ್ಕೇ ಮೇಲಿನ ಹೋಸ್ ಕಲ್ಲಿನಂತಾದರೆ ದಹನದ ಗ್ಯಾಸ್ ನೀರಿಗೆ ಸೇರುತ್ತಿರುವ ಅನುಮಾನ ಗಟ್ಟಿ.

ಇನ್ನು ಓಡಿಸುವ ಕ್ರಮ. ಮೂರನೇ ಗೇರಿನಲ್ಲಿ ಮುಕ್ಕಿರಿಸುತ್ತಾ ಹತ್ತಿಸಬೇಡಿ. ಆರ್‌ಪಿಎಂ ಇಳಿದರೆ ವಾಟರ್ ಪಂಪೂ ಫ್ಯಾನೂ ನಿಧಾನ. ಎರಡನೇ ಗೇರ್, 2,000–2,500 ಆರ್‌ಪಿಎಂ, ಎಸಿ ಬಂದ್, ಮುಂದಿನ ಲಾರಿಯಿಂದ ದೂರ. ಕೇಬಲ್, ಲೈಟುಗಳನ್ನು ಬೇರೆ ಗಾಡಿಗೆ ಹಾಕಿ, ಜನರೇಟರಿನ ಡೀಸೆಲನ್ನು ಸಕಲೇಶಪುರದಲ್ಲಿ ತುಂಬಿಸಿ. ಮುಳ್ಳು ಕೆಂಪಿಗೆ ಬಂದರೆ ಜಾಗ ಇರುವಲ್ಲಿ ನಿಲ್ಲಿಸಿ, ಪಿಕಪ್‌ಗೂ ಟ್ರೈಲರಿಗೂ ಕಲ್ಲು ಕೊಡಿ. ನೀರು ಹೊರಗೆ ಬರದಿದ್ದರೆ ನ್ಯೂಟ್ರಲ್‌ನಲ್ಲಿ 1,200 ಆರ್‌ಪಿಎಂಗೆ ಎರಡು–ಮೂರು ನಿಮಿಷ ಓಡಲಿ. ಹಬೆ ಎದ್ದಿದ್ದರೆ ತಕ್ಷಣ ಆಫ್.

ಇನ್ನು ಉಳಿದ ಪತ್ರಗಳ ಸಣ್ಣ ಪ್ರಶ್ನೆಗಳು.

ಪ್ರಶ್ನೆ: ಕುದಿಯುವಾಗ ಮುಚ್ಚಳ ತೆರೆದು ತಣ್ಣೀರು ಹೊಯ್ಯಬಹುದೇ?

ಮುಖ ಬೇಯಿಸಿಕೊಂಡು ಹೆಡ್ಡನ್ನೂ ಬಿರಿಸುವ ಆಸೆ ಇದ್ದರೆ ಹೊಯ್ಯಿರಿ. ಇಲ್ಲದಿದ್ದರೆ ಒಂದು ಗಂಟೆ ಕಾಯಿರಿ.

ಪ್ರಶ್ನೆ: ಸೋರಿಕೆಗೆ ಅರಸಿನ ಹುಡಿ ಹಾಕಿದರೆ ನಿಲ್ಲುತ್ತದೆಯಂತಲ್ಲ?

ತೂತೂ ಮುಚ್ಚುತ್ತದೆ, ಟ್ಯೂಬುಗಳೂ ಮುಚ್ಚುತ್ತವೆ.

ಪ್ರಶ್ನೆ: ಹಸಿರು ಕೂಲೆಂಟ್ ಒಳ್ಳೆಯದೋ, ಕೆಂಪೋ? ಬಾವಿ ನೀರು ಬೆರೆಸಬಹುದೇ?

ಬಣ್ಣ ನೋಡಬೇಡಿ, ಮ್ಯಾನ್ಯುವಲ್ ಹೇಳಿದ್ದನ್ನು ಹಾಕಿ, ಎರಡು ಬಗೆ ಬೆರೆಸಬೇಡಿ. ಕಾನ್ಸಂಟ್ರೇಟ್ ಆದರೆ ಅರ್ಧಕ್ಕರ್ಧ ಡಿಸ್ಟಿಲ್ಡ್ ವಾಟರ್. ರೆಡಿಮಿಕ್ಸ್ ಆದರೆ ಏನೂ ಸೇರಿಸಬೇಡಿ. ಬಾವಿ ನೀರು ಬೇಡವೇ ಬೇಡ. ಹೊಳೆ ಕಡಲು ಸೇರುವಲ್ಲಿನ ಊರುಗಳ ಬಾವಿಗೆ ಬೇಸಿಗೆಯಲ್ಲಿ ಉಪ್ಪು ಹತ್ತುತ್ತದೆ, ಮುರಕಲ್ಲಿನ ಬಾವಿಯಲ್ಲಿ ಕಬ್ಬಿಣ.

ಪ್ರಶ್ನೆ: ಟ್ರೈಲರ್ ಎಳೆಯಲು ಈ ವರ್ಷ ಭಾರ ಅನಿಸುತ್ತದೆ. ಇಂಜಿನ್ ಶಕ್ತಿ ಇಳಿದಿದೆಯೇ?

ಇಂಜಿನ್ ಬಿಡಿ. ಮಳೆಗಾಲ ಪೂರ್ತಿ ಅಂಗಳದಲ್ಲಿ ನಿಂತ ಟ್ರೈಲರ್ ತಾನೆ? ಹತ್ತು ಕಿಲೋಮೀಟರ್ ಓಡಿಸಿ ಎರಡೂ ಹಬ್‌ಗಳ (ಚಕ್ರದ ನಡುಭಾಗ) ಬಿಸಿ ಅಳೆಯಿರಿ. ಒಂದು ಮಾತ್ರ ಜಾಸ್ತಿ ಬಿಸಿಯಾದರೆ ಬ್ರೇಕ್ ಹಿಡಿದುಕೊಂಡಿದೆ, ಇಲ್ಲವೇ ಬೇರಿಂಗಿನ ಗ್ರೀಸಿಗೆ ನೀರು ಸೇರಿದೆ. ಹಾಲಿನ ಬಣ್ಣದ ಗ್ರೀಸ್ ಕಂಡರೆ ಪೂರ್ತಿ ತೊಳೆದು, ಸೀಲ್ ಸಮೇತ ಹೊಸದು ಹಾಕಿಸಿ.