ಕೈ ಜಿಪಿಎಸ್‌ಗೆ ಯಾವ ಮ್ಯಾಪ್ ಹಾಕಬೇಕು, ಹೇಗೆ ಹಾಕಬೇಕು? ಓದುಗರ ಪ್ರಶ್ನೆಗಳಿಗೆ ಉತ್ತರ

ಚಾರಣಿಗರು, ತೋಟದವರು ಮತ್ತು ಕಾಡಿನಲ್ಲಿ ಸಮೀಕ್ಷೆ ಮಾಡುವವರು ಕೈಯಲ್ಲಿ ಹಿಡಿಯುವ ಜಿಪಿಎಸ್‌ನ ಮ್ಯಾಪ್ ಬಗ್ಗೆ ಕಳುಹಿಸಿದ ಪ್ರಶ್ನೆಗಳಲ್ಲಿ ಆರನ್ನು ಇಲ್ಲಿ ಆರಿಸಿಕೊಂಡಿದ್ದೇವೆ. ಹೆಚ್ಚಿನವರ ಬಳಿ ಇರುವುದು ಗಾರ್ಮಿನ್ ಉಪಕರಣ. ಹಾಗಾಗಿ ಉತ್ತರಗಳೂ ಅದಕ್ಕೇ ಸಂಬಂಧಿಸಿವೆ.

ಪ್ರಶ್ನೆ: ಗಾರ್ಮಿನ್‌ನ ಇಟ್ರೆಕ್ಸ್ 22ಎಕ್ಸ್ ಕೊಂಡಿದ್ದೇನೆ. ಘಟ್ಟದ ಕಾಡುದಾರಿಗಳಲ್ಲಿ ಓಡಾಡುವ ಕೆಲಸ ನನ್ನದು. ಅದರೊಳಗೆ ಬಂದಿರುವ ಮ್ಯಾಪ್ ಸಾಲುತ್ತಿಲ್ಲ. ಯಾವುದನ್ನು ಹಾಕಲಿ? ದುಡ್ಡು ಕೊಟ್ಟು ಕೊಳ್ಳಬೇಕೇ? (ಶಿರಸಿಯ ಓದುಗರು)

ಕೊಳ್ಳುವ ಅಗತ್ಯವಿಲ್ಲ. ದುಡ್ಡಿಗೆ ಸಿಗುವ ಭಾರತದ ಮ್ಯಾಪ್‌ಗಳು ಹೆಚ್ಚಾಗಿ ಕಾರಿಗೆಂದು ಮಾಡಿದವು. ರಸ್ತೆ, ತಿರುವು, ಪೆಟ್ರೋಲ್ ಬಂಕ್ ಅವುಗಳಲ್ಲಿ ಚೆನ್ನಾಗಿರುತ್ತವೆ. ನಿಮಗೆ ಬೇಕಾದ ಕಾಲುದಾರಿ, ಹಳ್ಳ, ಗುಡ್ಡದ ಏರಿಳಿತ ಸಿಗುವುದು ಕಡಿಮೆ. ಘಟ್ಟಕ್ಕೆ ಹೊಂದುವುದು ಓಪನ್‌ಸ್ಟ್ರೀಟ್‌ಮ್ಯಾಪ್ (ಆಸಕ್ತರೇ ಸೇರಿ ತುಂಬುವ ಮುಕ್ತ ಅಂತರ್ಜಾಲ ನಕ್ಷೆ) ದತ್ತಾಂಶದಿಂದ ತಯಾರಾದ ಉಚಿತ ಮ್ಯಾಪ್.

ಆದರೆ ಡೌನ್‌ಲೋಡ್‌ಗೆ ಮೊದಲು ಒಂದು ಕೆಲಸ ಮಾಡಿ. ಕಂಪ್ಯೂಟರಿನಲ್ಲಿ ಓಪನ್‌ಸ್ಟ್ರೀಟ್‌ಮ್ಯಾಪ್ ತೆರೆದು ನೀವು ಓಡಾಡುವ ಜಾಗವನ್ನು ಹಿಗ್ಗಿಸಿ ನೋಡಿ. ನಿಮಗೆ ಗೊತ್ತಿರುವ ಕಾಲುದಾರಿ ಅಲ್ಲಿ ಇದೆಯೇ? ಇಲ್ಲದಿದ್ದರೆ ಆ ದತ್ತಾಂಶದಿಂದ ಮಾಡಿದ ಯಾವ ಗಾರ್ಮಿನ್ ಮ್ಯಾಪಿನಲ್ಲೂ ಅದು ಇರುವುದಿಲ್ಲ. ಒಂದರಲ್ಲಿ ಸಿಗದ್ದು ಇನ್ನೊಂದರಲ್ಲಿ ಸಿಕ್ಕೀತೆಂದು ಮೂರು ನಾಲ್ಕು ಬಗೆಯ ಮ್ಯಾಪ್ ತುಂಬಿಕೊಳ್ಳುವವರಿದ್ದಾರೆ. ಅವುಗಳ ಬಣ್ಣ, ಗೆರೆಯ ದಪ್ಪ, ಚಿಹ್ನೆಗಳು ಬೇರೆಯಾಗಿರುತ್ತವೆಯೇ ಹೊರತು ಮೂಲ ಒಂದೇ. ದಾರಿ ಇಲ್ಲವೆಂದಾದರೆ ಟ್ರ್ಯಾಕ್ (ನಡೆದ ದಾರಿಯ ದಾಖಲೆ) ಆನ್ ಮಾಡಿಕೊಂಡು ಒಮ್ಮೆ ನಡೆದು, ಅದು ಉಳಿಯುವ ಜಿಪಿಎಕ್ಸ್ ಫೈಲಿನ ಆಧಾರದಲ್ಲಿ ನೀವೇ ಅದನ್ನು ಅಲ್ಲಿ ಗುರುತಿಸಬಹುದು. ಮುಂದೆ ತಯಾರಾಗುವ ಮ್ಯಾಪ್‌ಗಳಲ್ಲಿ ಅದು ಎಲ್ಲರಿಗೂ ಸಿಗುತ್ತದೆ. ಮಲೆನಾಡಿನ ಎಷ್ಟೋ ದಾರಿಗಳು ಮ್ಯಾಪಿಗೆ ಬಂದದ್ದೇ ಹೀಗೆ. ನಿಮ್ಮಂತೆ ನಿತ್ಯ ಕಾಡಿನಲ್ಲಿರುವವರು ಈ ಕೆಲಸಕ್ಕೆ ಕೈಹಾಕಬೇಕೆಂಬುದು ನಮ್ಮ ಒತ್ತಾಯ.

ಮ್ಯಾಪ್ ಪಡೆಯಲು ಮೂರು ದಾರಿಗಳಿವೆ. ಸುಲಭವಾದದ್ದು ಓಪನ್‌ಟೊಪೊಮ್ಯಾಪ್. ದೇಶಕ್ಕೊಂದು ಸಿದ್ಧ ಫೈಲ್ ಇರುತ್ತದೆ, ಕಾಂಟೂರ್ ಗೆರೆಗಳ (ಒಂದೇ ಎತ್ತರದ ಜಾಗಗಳನ್ನು ಕೂಡಿಸುವ ಗೆರೆ) ಫೈಲ್ ಪ್ರತ್ಯೇಕ. ಎರಡನ್ನೂ ಹಾಕಬೇಕು. ಎರಡನೆಯದು ಬಿಬಿಬೈಕ್ ಎಂಬ ಸೇವೆ. ಮ್ಯಾಪಿನ ಮೇಲೆ ನಿಮಗೆ ಬೇಕಾದಷ್ಟು ಜಾಗಕ್ಕೆ ಚೌಕ ಎಳೆದು, ಗಾರ್ಮಿನ್ ಫೈಲಿನ ಮಾದರಿ ಆರಿಸಿ ಇಮೇಲ್ ಕೊಟ್ಟರೆ ಫೈಲ್ ಸಿದ್ಧವಾದಾಗ ಕೊಂಡಿ ಬರುತ್ತದೆ. ನಿಮಗೆ ಇದೇ ಸಾಕು: ಉತ್ತರ ಕನ್ನಡ, ಶಿವಮೊಗ್ಗ ಜಿಲ್ಲೆಗಳಷ್ಟನ್ನೇ ಕತ್ತರಿಸಿಕೊಳ್ಳಿ. ಇಡೀ ಭಾರತ ತುಂಬಿದರೆ ಹುಡುಕಾಟ ನಿಧಾನವಾಗುತ್ತದೆಯೇ ಹೊರತು ಲಾಭವಿಲ್ಲ. ಮೂರನೆಯದು ಸ್ವಂತ ತಯಾರಿ. ಜಿಯೋಫ್ಯಾಬ್ರಿಕ್ ಜಾಲತಾಣದಿಂದ ದಕ್ಷಿಣ ಭಾರತದ ದತ್ತಾಂಶ ಇಳಿಸಿ, ಸ್ಪ್ಲಿಟರ್‌ನಿಂದ ತುಂಡು ಮಾಡಿ, ಎಂಕೆಜಿಮ್ಯಾಪ್‌ನಿಂದ ಗಾರ್ಮಿನ್ ಫೈಲ್ ಮಾಡುವುದು. ಎರಡೂ ಜಾವಾ ಪ್ರೋಗ್ರಾಂಗಳು. ಕಂಪ್ಯೂಟರಿನಲ್ಲಿ ಕಮಾಂಡ್ ಟೈಪ್ ಮಾಡಿ ರೂಢಿ ಇರುವವರಿಗೆ ಮಾತ್ರ ಇದು ಹಿಡಿಸುತ್ತದೆ.

ಕಾಂಟೂರ್ ಗೆರೆಗಳ ಬಗ್ಗೆ ಎಚ್ಚರ ಬೇಕು. ಉಚಿತ ಮ್ಯಾಪ್‌ಗಳ ಕಾಂಟೂರ್ ಬಹುತೇಕ 2000ದ ಫೆಬ್ರುವರಿಯಲ್ಲಿ ಬಾಹ್ಯಾಕಾಶ ನೌಕೆಯಿಂದ 11 ದಿನ ನಡೆದ ರೇಡಾರ್ ಅಳತೆಯಿಂದ ಬಂದದ್ದು. ಆ ರೇಡಾರ್ ಅಲೆ ದಟ್ಟ ಕಾಡಿನಲ್ಲಿ ನೆಲಕ್ಕೆ ತಲುಪುವುದು ಕಡಿಮೆ, ಮರಗಳ ನೆತ್ತಿಯ ಸಮೀಪವೇ ತಟ್ಟಿ ಮರಳುತ್ತದೆ. ಹಾಗಾಗಿ ನಿತ್ಯಹರಿದ್ವರ್ಣ ಕಾಡಿನಲ್ಲಿ ಎತ್ತರ ಒಂದು ಮರದಷ್ಟು ಹೆಚ್ಚು ತೋರಬಹುದು. ಕಾಡು ಮುಗಿದು ಹುಲ್ಲುಗಾವಲು ಶುರುವಾಗುವ ಅಂಚಿನಲ್ಲಿ ನಿಜದಲ್ಲಿಲ್ಲದ ಇಳಿಜಾರು ಕಾಣಬಹುದು. ಇದಕ್ಕಿಂತ ಅಪಾಯದ ಸಂಗತಿ ಇನ್ನೊಂದಿದೆ. ಅಳತೆಯ ಒಂದೊಂದು ಚೌಕ ಸುಮಾರು 30 ಮೀಟರ್, ಹಳೆಯ ದತ್ತಾಂಶದಲ್ಲಾದರೆ 90 ಮೀಟರ್. ಇಪ್ಪತ್ತು ಮೀಟರಿನ ನೆಟ್ಟನೆಯ ಬಂಡೆ ಆ ಸರಾಸರಿಯಲ್ಲಿ ಕರಗಿ ಸಾಧಾರಣ ಇಳಿಜಾರಿನಂತೆ ಕಾಣುತ್ತದೆ. ಗೆರೆಗಳು ವಿರಳವಾಗಿವೆ ಎಂದು ಘಟ್ಟದ ಅಂಚಿನಲ್ಲಿ ಅಡ್ಡದಾರಿ ಹಿಡಿಯಬೇಡಿ.

ಇನ್ನೊಂದು ಸೆಟ್ಟಿಂಗ್: ಕಾಡಿನಲ್ಲಿ ರೂಟಿಂಗನ್ನು (ದಾರಿ ತೋರಿಸುವ ಬಗೆ) ‘ಡೈರೆಕ್ಟ್’ಗೆ ಇಡಿ, ‘ಲಾಕ್ ಆನ್ ರೋಡ್’ ತೆಗೆದುಬಿಡಿ. ವಾಹನದ ರೂಟಿಂಗ್ ಹಾಗೇ ಉಳಿದರೆ, ಒಂದು ಕಿಲೋಮೀಟರ್ ಆಚೆ ಇರುವ ಜಾಗಕ್ಕೆ ಊರು ಸುತ್ತುವ ಡಾಂಬರು ರಸ್ತೆಯನ್ನು ತೋರಿಸುತ್ತದೆ.

ಪ್ರಶ್ನೆ: ಮ್ಯಾಪ್ ಫೈಲನ್ನು 64 ಜಿಬಿ ಕಾರ್ಡಿಗೆ ಹಾಕಿದೆ. ಉಪಕರಣದಲ್ಲಿ ಏನೂ ಕಾಣುತ್ತಿಲ್ಲ. ಫೈಲೇ ಕೆಟ್ಟಿದೆಯೇ? (ದಾವಣಗೆರೆಯ ಓದುಗರು)

ಫೈಲಿನದ್ದಲ್ಲ, ಕಾರ್ಡಿನದ್ದೇ ತೊಂದರೆ ಇರಬೇಕು. 64 ಜಿಬಿ ಕಾರ್ಡ್‌ಗಳು ಅಂಗಡಿಯಿಂದ ಬರುವಾಗಲೇ ಎಕ್ಸ್‌ಫ್ಯಾಟ್ ಮಾದರಿಯಲ್ಲಿ ಫಾರ್ಮ್ಯಾಟ್ ಆಗಿರುತ್ತವೆ. ಇಟ್ರೆಕ್ಸ್ 22ಎಕ್ಸ್‌ನಂಥ ಉಪಕರಣಗಳು ಓದುವುದು ಫ್ಯಾಟ್32 ಮಾತ್ರ. 32 ಜಿಬಿ ಅಥವಾ ಅದಕ್ಕಿಂತ ಚಿಕ್ಕ ಮೈಕ್ರೊಎಸ್‌ಡಿ ತನ್ನಿ. ನಮ್ಮ ರಾಜ್ಯದ ಮಟ್ಟಿಗೆ 8 ಜಿಬಿಯೇ ಧಾರಾಳ.

ಮ್ಯಾಪ್ ಹಾಕುವ ಕ್ರಮ ಹೀಗೆ. ಡೌನ್‌ಲೋಡ್ ಆದದ್ದು ಜಿಪ್ ಫೈಲಾದರೆ ಬಿಚ್ಚಿ. ಒಳಗೆ ‘ಐಎಂಜಿ’ ಎಂದು ಕೊನೆಯಾಗುವ ಫೈಲ್ ಇರುತ್ತದೆ. ಕಾರ್ಡಿನ ಹೊರಪದರದಲ್ಲೇ, ಬೇರೆ ಯಾವ ಫೋಲ್ಡರಿನೊಳಗೂ ಅಲ್ಲ, ‘ಗಾರ್ಮಿನ್’ ಹೆಸರಿನ ಫೋಲ್ಡರ್ ಮಾಡಿ (ಇಂಗ್ಲಿಷ್ ಅಕ್ಷರದಲ್ಲಿ) ಅದರೊಳಗೆ ಫೈಲ್ ಹಾಕಿ. ಕಾರ್ಡನ್ನು ಕಾರ್ಡ್ ರೀಡರಿಗೆ ಹಾಕಿ ನಕಲಿಸುವುದು ಮೇಲು. ಉಪಕರಣದ ಮಿನಿ ಯುಎಸ್‌ಬಿ ಮೂಲಕ ಬಹಳ ಹೊತ್ತು ಹಿಡಿಯುತ್ತದೆ. ಕರೆಂಟ್ ಮಾತ್ರ ಹಾಯಿಸುವ ಅಗ್ಗದ ಕೇಬಲ್ ಆದರೆ ಕಂಪ್ಯೂಟರಿಗೆ ಉಪಕರಣ ಕಾಣುವುದೇ ಇಲ್ಲ. ನಕಲು ಮುಗಿದ ಮೇಲೆ ಎಜೆಕ್ಟ್ ಮಾಡಿಯೇ ಕಾರ್ಡ್ ತೆಗೆಯಿರಿ. ಇಟ್ರೆಕ್ಸ್‌ನಲ್ಲಿ ಕಾರ್ಡಿನ ಜಾಗ ಬ್ಯಾಟರಿಗಳ ಕೆಳಗಿದೆ.

ಇಷ್ಟಾದರೂ ಕಾಣದಿದ್ದರೆ ಸೆಟಪ್‌ನಲ್ಲಿ ಮ್ಯಾಪ್, ಅದರೊಳಗೆ ಮ್ಯಾಪ್ ಇನ್ಫರ್ಮೇಶನ್ ತೆರೆಯಿರಿ. ಹೊಸ ಮ್ಯಾಪಿನ ಹೆಸರೇ ಅಲ್ಲಿಲ್ಲವೆಂದರೆ ಫೋಲ್ಡರ್ ಅಥವಾ ಫೈಲ್ ಹೆಸರು ತಪ್ಪಿದೆ. ವಿಂಡೋಸ್ ಫೈಲಿನ ಬಾಲವನ್ನು ಮರೆಮಾಡುವುದರಿಂದ, ಹೆಸರು ಬದಲಿಸುವಾಗ ಐಎಂಜಿ ಎಂಬುದು ಎರಡು ಬಾರಿ ಸೇರಿರುತ್ತದೆ, ಅದನ್ನು ನೋಡಿ. ತೀರಾ ಹಳೆಯ ಮಾಡೆಲ್‌ಗಳು ‘ಜಿಮ್ಯಾಪ್‌ಸಪ್’ ಎಂಬ ಒಂದೇ ಹೆಸರನ್ನು ಗುರುತಿಸುತ್ತವೆ. ಈಚಿನವಕ್ಕೆ ಯಾವ ಹೆಸರಾದರೂ ನಡೆಯುತ್ತದೆ. ಹೆಸರು ಪಟ್ಟಿಯಲ್ಲಿದ್ದೂ ಮ್ಯಾಪ್ ಕಾಣದಿದ್ದರೆ ಮೊದಲೇ ಬಂದಿದ್ದ ಮ್ಯಾಪ್ ಅದನ್ನು ಮುಚ್ಚಿದೆ ಎಂದರ್ಥ. ಹಳೆಯದನ್ನು ಡಿಸೇಬಲ್ ಮಾಡಿ, ಹೊಸದನ್ನೂ ಅದರ ಕಾಂಟೂರನ್ನೂ ಎನೇಬಲ್ ಮಾಡಿ.

ಗಾರ್ಮಿನ್‌ನ ಕಂಪ್ಯೂಟರ್ ಪ್ರೋಗ್ರಾಂ ಬೇಸ್‌ಕ್ಯಾಂಪ್ ಜತೆಗೆ ಬರುವ ಮ್ಯಾಪ್‌ಇನ್‌ಸ್ಟಾಲ್ ಬಳಸುವವರಿಗೆ ಒಂದು ಮಾತು: ಅದು ಪ್ರತಿ ಸಲವೂ ಜಿಮ್ಯಾಪ್‌ಸಪ್ ಫೈಲನ್ನು ಹೊಸದಾಗಿ ಬರೆಯುತ್ತದೆ. ಹೋದ ವಾರ ಕಳುಹಿಸಿದ ಕೊಡಗು, ಈ ವಾರ ಚಿಕ್ಕಮಗಳೂರು ಕಳುಹಿಸಿದಾಗ ಅಳಿದುಹೋಗುತ್ತದೆ. ಬೇಕಾದ್ದೆಲ್ಲವನ್ನೂ ಒಟ್ಟಿಗೇ ಆರಿಸಿ ಕಳುಹಿಸಿ, ಇಲ್ಲವೇ ಹಳೆಯ ಫೈಲಿಗೆ ಮೊದಲೇ ಬೇರೆ ಹೆಸರಿಡಿ.

ಪ್ರಶ್ನೆ: ಹೊಸ ಮ್ಯಾಪ್ ಹಾಕಿದ ಮೇಲೆ ಉಪಕರಣ ಲೋಗೊ ತೋರಿಸಿ ಅಲ್ಲೇ ನಿಲ್ಲುತ್ತಿದೆ. (ಹಾಸನದ ಓದುಗರು)

ನಕಲು ಅರ್ಧಕ್ಕೆ ನಿಂತ ಫೈಲ್ ಇದಕ್ಕೆ ಸಾಮಾನ್ಯ ಕಾರಣ. ಕಾರ್ಡ್ ತೆಗೆದು ಆನ್ ಮಾಡಿ. ಆನ್ ಆದರೆ ಕಾರ್ಡಿನ ಫೈಲ್ ಅಳಿಸಿ ಮತ್ತೆ ನಕಲಿಸಿ. ಫೈಲನ್ನು ಒಳಗಿನ ಮೆಮೊರಿಗೆ ಹಾಕಿದ್ದರೆ, ಉಪಕರಣ ಆಫ್ ಇರುವಾಗ ಇಟ್ರೆಕ್ಸ್‌ನ ಕಡ್ಡಿಯನ್ನು ಮೇಲಕ್ಕೆ ಒತ್ತಿ ಹಿಡಿದು ಯುಎಸ್‌ಬಿ ಜೋಡಿಸಿ. ಕಂಪ್ಯೂಟರಿನಲ್ಲಿ ಡ್ರೈವ್ ಕಾಣುವವರೆಗೆ, ಅಂದರೆ ಸುಮಾರು ಅರ್ಧ ನಿಮಿಷ, ಬಿಡಬೇಡಿ. ನೀವು ಹಾಕಿದ ಫೈಲನ್ನಷ್ಟೇ ಅಳಿಸಿ. ‘ಜಿಮ್ಯಾಪ್‌ಬಿಮ್ಯಾಪ್’, ‘ಜಿಮ್ಯಾಪ್‌ಪ್ರೊಮ್’ ಎಂಬವು ಕಂಪನಿಯೇ ಹಾಕಿಕೊಟ್ಟ ಮ್ಯಾಪ್‌ಗಳು, ಮುಟ್ಟಬಾರದು. ಹೊರಗಿನ ಮ್ಯಾಪನ್ನು ಯಾವಾಗಲೂ ಕಾರ್ಡಿಗೇ ಹಾಕಿ ಎನ್ನುವುದು ಇದಕ್ಕಾಗಿ.

ಪ್ರಶ್ನೆ: ಊರಿನ ಹೆಸರುಗಳು ಕನ್ನಡದಲ್ಲಿ ಬರುವಂತೆ ಮ್ಯಾಪ್ ಮಾಡಿದೆ. ‘ಮ್ಯಾಪ್ ದೃಢೀಕರಿಸಲಾಗದು’ ಎಂಬರ್ಥದ ಸಂದೇಶ ಬರುತ್ತಿದೆ. (ಧಾರವಾಡದ ಓದುಗರು)

ಯೂನಿಕೋಡ್‌ನಲ್ಲಿ (ಎಲ್ಲ ಭಾಷೆಗಳ ಅಕ್ಷರಗಳಿಗೂ ಇರುವ ಸಂಕೇತ) ಮಾಡಿದ ಹೊರಗಿನ ಮ್ಯಾಪ್‌ಗಳನ್ನು ಈಚಿನ ಗಾರ್ಮಿನ್ ಫರ್ಮ್‌ವೇರ್ (ಉಪಕರಣದೊಳಗಿನ ತಂತ್ರಾಂಶ) ನಿರಾಕರಿಸುತ್ತದೆ. ಅದನ್ನು ದಾಟಿದರೂ ಉಪಯೋಗವಿಲ್ಲ, ಒತ್ತಕ್ಷರ ಕೂಡಿಸಿ ತೋರಿಸುವ ಕನ್ನಡ ಫಾಂಟ್ ಈ ಉಪಕರಣಗಳಲ್ಲಿಲ್ಲ. ಕನ್ನಡದ ಹೆಸರುಗಳನ್ನು ಇಷ್ಟು ಶ್ರಮಪಟ್ಟು ಸೇರಿಸಿದವರಿಗೆ ಇದನ್ನು ಹೇಳಲು ನಿಜವಾಗಿಯೂ ಬೇಸರವಾಗುತ್ತದೆ. ಸದ್ಯಕ್ಕೆ ಇಂಗ್ಲಿಷ್ ಲಿಪಿಗೆ ಹೊಂದುವ ಲ್ಯಾಟಿನ್1 ಆಯ್ಕೆಯಲ್ಲಿ ಮ್ಯಾಪ್ ಮಾಡಿ. ಎಂಕೆಜಿಮ್ಯಾಪ್‌ನಲ್ಲಿ ಹೆಸರಿನ ಆದ್ಯತೆ ಕೊಡುವಾಗ ಇಂಗ್ಲಿಷ್ ಹೆಸರು ಮೊದಲು, ಸಾಮಾನ್ಯ ಹೆಸರು ನಂತರ ಇರಲಿ. ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಕನ್ನಡ ಹೆಸರು ತುಂಬುವುದನ್ನು ಮಾತ್ರ ನಿಲ್ಲಿಸಬೇಡಿ. ಅದೇ ದತ್ತಾಂಶ ಬಳಸುವ ಮೊಬೈಲ್ ಆ್ಯಪ್‌ಗಳಲ್ಲಿ ಅದು ಸರಿಯಾಗಿ ಕಾಣುತ್ತದೆ.

ಪ್ರಶ್ನೆ: ಹಳೆಯ ಟೊಪೊಶೀಟ್‌ನಿಂದ (ಸರ್ವೆ ಆಫ್ ಇಂಡಿಯಾದ ನಕ್ಷೆ ಹಾಳೆ) ದೇವಸ್ಥಾನವೊಂದರ ಅಕ್ಷಾಂಶ ರೇಖಾಂಶ ತೆಗೆದು ಜಿಪಿಎಸ್‌ಗೆ ಹಾಕಿದೆ. ನೂರೈವತ್ತು ಇನ್ನೂರು ಮೀಟರ್ ತಪ್ಪಿ ಆಗ್ನೇಯಕ್ಕೆ ತೋರಿಸುತ್ತಿದೆ. ಶೀಟನ್ನೇ ಸ್ಕ್ಯಾನ್ ಮಾಡಿ ಉಪಕರಣಕ್ಕೆ ಹಾಕಬಹುದೇ? (ಕಾರ್ಕಳದ ಓದುಗರು)

ಆಗ್ನೇಯಕ್ಕೆ ಎಂದು ದಿಕ್ಕನ್ನೂ ಬರೆದದ್ದರಿಂದ ಕಾರಣ ಹೇಳುವುದು ಸುಲಭವಾಯಿತು. ಸರ್ವೆ ಆಫ್ ಇಂಡಿಯಾದ ಹಳೆಯ ಶೀಟ್‌ಗಳು ಎವರೆಸ್ಟ್ ಗೋಳಾಭದ (ಭೂಮಿಯ ಆಕಾರದ ಹಳೆಯ ಲೆಕ್ಕ) ಮೇಲೆ, ಮಧ್ಯಪ್ರದೇಶದ ಕಲ್ಯಾಣ್‌ಪುರವನ್ನು ಮೂಲಬಿಂದುವಾಗಿಟ್ಟುಕೊಂಡು ತಯಾರಾದವು. ಜಿಪಿಎಸ್ ಬಳಸುವುದು ಡಬ್ಲ್ಯುಜಿಎಸ್84 ಎಂಬ ಬೇರೆ ಲೆಕ್ಕ. ನಿಮ್ಮ ಭಾಗದಲ್ಲಿ, ಅಂದರೆ ಅಕ್ಷಾಂಶ 13, ರೇಖಾಂಶ 75ರ ಆಸುಪಾಸಿನಲ್ಲಿ, ಶೀಟಿನ ಅಂಕಿಯನ್ನು ಹಾಗೇ ಹಾಕಿದರೆ ಬಿಂದು ಸುಮಾರು 150 ಮೀಟರ್ ದಕ್ಷಿಣಕ್ಕೂ 90 ಮೀಟರ್ ಪೂರ್ವಕ್ಕೂ ಬೀಳುತ್ತದೆ. ಶೀಟೂ ತಪ್ಪಲ್ಲ, ಉಪಕರಣವೂ ತಪ್ಪಲ್ಲ.

ಇಂಥ ಲೆಕ್ಕವನ್ನು ಆರಿಸುವ ಡೇಟಮ್ ಪಟ್ಟಿಯಲ್ಲಿ ‘ಯೂಸರ್’ ಎಂಬ ಆಯ್ಕೆ ಇರುವ ಮಾಡೆಲ್ ಆದರೆ ಈ ಅಂಕಿಗಳನ್ನು ಕೊಡಿ: ಡಿಎಕ್ಸ್ 295, ಡಿವೈ 736, ಡಿಜೆಡ್ 257, ಡಿಎ 835.757, ಡಿಎಫ್ 0.28361368. ಶೀಟಿನ ಬಿಂದುಗಳನ್ನು ತುಂಬಿಸಿ ಮುಗಿದ ಕೂಡಲೇ ಡಬ್ಲ್ಯುಜಿಎಸ್84ಗೆ ಮರಳಿ. ಮರೆತರೆ, ನಾಳೆ ಕಾಡಿನಲ್ಲಿ ಯಾರಿಗಾದರೂ ನಿಮ್ಮ ಸ್ಥಾನ ಓದಿ ಹೇಳಿದಾಗ ಅದೇ ದೋಷ ತಿರುಗುಮುರುಗಾಗಿ ಬರುತ್ತದೆ. 2005ರ ರಾಷ್ಟ್ರೀಯ ನಕ್ಷೆ ನೀತಿಯ ನಂತರ ಬಂದ ಓಪನ್ ಸೀರೀಸ್ ಶೀಟ್‌ಗಳು ಡಬ್ಲ್ಯುಜಿಎಸ್84ರಲ್ಲೇ ಇವೆ. ಅವಕ್ಕೆ ಈ ತಿದ್ದುಪಡಿ ಹಾಕಬಾರದು. ಸಾಧ್ಯವಾದರೆ ಅವನ್ನೇ ಬಳಸಿ. ‘ರಿಸ್ಟ್ರಿಕ್ಟೆಡ್’ ಎಂದು ಮುದ್ರಿತವಾದ ಹಳೆಯ ಶೀಟ್‌ಗಳನ್ನು ಸ್ಕ್ಯಾನ್ ಮಾಡಿ ಹಂಚುವುದು ಸಲ್ಲದು.

ಶೀಟನ್ನು ಉಪಕರಣಕ್ಕೆ ಹಾಕಲು ‘ಕಸ್ಟಮ್ ಮ್ಯಾಪ್ಸ್’ ಸೌಲಭ್ಯವಿದೆ. ಚಿತ್ರವನ್ನೂ ಅದರ ಸ್ಥಾನವನ್ನೂ ಒಟ್ಟಿಗೆ ಇಡುವ ಕೆಎಂಜೆಡ್ ಫೈಲನ್ನು ಗಾರ್ಮಿನ್ ಫೋಲ್ಡರಿನೊಳಗಿನ ಕಸ್ಟಮ್‌ಮ್ಯಾಪ್ಸ್ ಫೋಲ್ಡರಿಗೆ ಹಾಕಬೇಕು. ಚಿತ್ರದ ಒಂದೊಂದು ತುಂಡು 1024 × 1024 ಪಿಕ್ಸೆಲ್ ಮೀರಬಾರದು, ಮೀರಿದರೆ ಉಪಕರಣ ಅದನ್ನು ಕುಗ್ಗಿಸಿ ಅಕ್ಷರಗಳೆಲ್ಲ ಮಸುಕಾಗುತ್ತವೆ. ಇಟ್ರೆಕ್ಸ್ ಸಾಲಿನಲ್ಲಿ ಒಟ್ಟು 100 ತುಂಡುಗಳ ಮಿತಿ ಇದೆ. 1:50,000 ಶೀಟ್ ಒಂದು ಬದಿಗೆ ಸುಮಾರು 55 ಸೆಂಟಿಮೀಟರ್. 300 ಡಿಪಿಐಗೆ (ಇಂಚಿಗೆ 300 ಚುಕ್ಕೆ) ಸ್ಕ್ಯಾನ್ ಮಾಡಿದರೆ ಬದಿಗೆ 6500 ಪಿಕ್ಸೆಲ್, ಅಂದರೆ ಏಳು ತುಂಡು. ಒಂದು ಶೀಟಿಗೆ 49 ತುಂಡುಗಳಾದವು. ಒಮ್ಮೆಗೆ ಎರಡು ಶೀಟ್ ಹಿಡಿಸುತ್ತವೆ, ಮೂರನೆಯದು ಹಿಡಿಸದು. 600 ಡಿಪಿಐ ಆಸೆ ಬಿಡಿ.

ಸ್ಕ್ಯಾನನ್ನು ಅಕ್ಷಾಂಶ ರೇಖಾಂಶಕ್ಕೆ ಜೋಡಿಸಲು ಕ್ಯೂಜಿಐಎಸ್ ಎಂಬ ನಕ್ಷೆ ಪ್ರೋಗ್ರಾಂನ ಜಿಯೊರೆಫರೆನ್ಸರ್ ಬಳಸಿ. ಅಂಚಿನ ಬಿಳಿ ಭಾಗ ಕತ್ತರಿಸುವ ಮೊದಲು ಶೀಟಿನ ನಾಲ್ಕು ಮೂಲೆ ಮತ್ತು ಒಳಗಿನ ನಾಲ್ಕೈದು ಗ್ರಿಡ್ ಛೇದಗಳನ್ನು ಗುರುತಿಸಿ. ಹಳೆಯ ಶೀಟಿಗೆ ಕಲ್ಯಾಣ್‌ಪುರ 1975 (ಇಪಿಎಸ್‌ಜಿ 4146) ಆರಿಸಿ, ನಂತರ ಡಬ್ಲ್ಯುಜಿಎಸ್84ಗೆ ಬದಲಿಸಿ. ಬರೀ ನಾಲ್ಕು ಮೂಲೆ ಸಾಲದು, ಮಡಿಚಿಟ್ಟ ಕಾಗದ ಮಧ್ಯದಲ್ಲಿ ಹಿಗ್ಗಿರುತ್ತದೆ. ಜೆಪೆಗ್ ಉಳಿಸುವಾಗ ‘ಪ್ರೊಗ್ರೆಸ್ಸಿವ್’ ಆಯ್ಕೆ ತೆಗೆದಿರಿ, ಅಂಥ ಚಿತ್ರವನ್ನು ಉಪಕರಣ ತೋರಿಸುವುದಿಲ್ಲ. ಕೊನೆಗೆ ಡ್ರಾ ಆರ್ಡರ್: 50 ಅಥವಾ ಹೆಚ್ಚು ಕೊಟ್ಟರೆ ಶೀಟ್ ಮ್ಯಾಪಿನ ಮೇಲೆ ಬರುತ್ತದೆ, ಕಡಿಮೆ ಕೊಟ್ಟರೆ ಕೆಳಗೆ ಉಳಿಯುತ್ತದೆ.

ಪ್ರಶ್ನೆ: ಇಟ್ರೆಕ್ಸ್ 10 ಅಗ್ಗಕ್ಕೆ ಸಿಗುತ್ತಿದೆ. ವಿದೇಶದಲ್ಲಿರುವ ತಮ್ಮ ಜಿಪಿಎಸ್‌ಮ್ಯಾಪ್ 66ಐ ತರುತ್ತೇನೆ ಅನ್ನುತ್ತಿದ್ದಾನೆ. ಯಾವುದು ಮೇಲು? (ಮೈಸೂರಿನ ಓದುಗರು)

ಎರಡೂ ಬೇಡ. ಇಟ್ರೆಕ್ಸ್ 10ಕ್ಕೆ ಕಾರ್ಡಿನ ಜಾಗವಿಲ್ಲ, ವಿವರವಾದ ಮ್ಯಾಪ್ ಹಾಕಲಾಗದು. ಜಿಪಿಎಕ್ಸ್ ಟ್ರ್ಯಾಕ್ ಹಾಕಿ ಅದರ ಗೆರೆ ಹಿಡಿದು ನಡೆಯುವುದಕ್ಕೆ ಸಾಕು, ಅಷ್ಟೇ. 66ಐನಲ್ಲಿ ಉಪಗ್ರಹ ಸಂದೇಶ ಕಳುಹಿಸುವ ಇನ್‌ರೀಚ್ ಇದೆ. ದೂರಸಂಪರ್ಕ ಇಲಾಖೆಯ ಅನುಮತಿಯಿಲ್ಲದೆ ಅಂಥದ್ದನ್ನು ಭಾರತದಲ್ಲಿ ಇಟ್ಟುಕೊಳ್ಳುವಂತಿಲ್ಲ. ವಿಮಾನ ನಿಲ್ದಾಣದಲ್ಲಿ ತಡೆದು ಪ್ರಕರಣ ದಾಖಲಿಸಿದ ನಿದರ್ಶನಗಳಿವೆ. ತಮ್ಮನಿಗೆ ಇಂದೇ ತಿಳಿಸಿ. ಅದೇ ಸಾಲಿನ 66ಎಸ್‌ನಲ್ಲಿ ಇನ್‌ರೀಚ್ ಇಲ್ಲ. ಇಟ್ರೆಕ್ಸ್ 22ಎಕ್ಸ್ ಅಥವಾ 32ಎಕ್ಸ್ ಸಿಕ್ಕರೂ ಆದೀತು. ಹಳೆಯದನ್ನು ಕೊಳ್ಳುವುದಾದರೆ ಒಂದು ಮೈಕ್ರೊಎಸ್‌ಡಿಗೆ ಮೊದಲೇ ಮ್ಯಾಪ್ ಹಾಕಿಕೊಂಡು ಹೋಗಿ, ಅಲ್ಲೇ ತೂರಿಸಿ ಮ್ಯಾಪ್ ಇನ್ಫರ್ಮೇಶನ್‌ನಲ್ಲಿ ಹೆಸರು ಬರುವುದನ್ನು ನೋಡಿ. ಯುಎಸ್‌ಬಿ ಜಾಗದ ರಬ್ಬರ್ ಮುಚ್ಚಳ ಹರಿದಿದ್ದರೆ ಬಿಟ್ಟುಬಿಡಿ, ಘಟ್ಟದ ಮಳೆಗೆ ಅದು ತಡೆಯುವುದಿಲ್ಲ.